ತೆಳು ಗೋಡೆ ಕಲಿಸಿದ ಲೆಕ್ಕ



ವಿಮಾನದ ರೆಕ್ಕೆಯೊಳಗಿನ ಅನೇಕ ಭಾಗಗಳನ್ನು ಅಲ್ಯೂಮಿನಿಯಂನ ದಪ್ಪ ಗಟ್ಟಿಯಿಂದ ಕೊರೆದು ತೆಗೆಯುತ್ತಾರೆ. ಗಟ್ಟಿಯ ಬಹುಪಾಲು ಚೂರಾಗಿ ಹೋಗಿ, ಕೊನೆಗೆ ಉಳಿಯುವುದು ಒಂದೆರಡು ಮಿಲಿಮೀಟರ್ ದಪ್ಪದ ಗೋಡೆ. ಇಷ್ಟು ತೆಳುವಾದುದನ್ನು ತಪ್ಪಿಲ್ಲದೆ ಕೊರೆಯಲು ಮನುಷ್ಯ ಹೇಗೆ ಕಲಿತ?

ಅಮೆರಿಕದ ಮಿಷಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಕಾಲೇಜು ಪದವಿ ಪಡೆದವರಲ್ಲ. 1940ರ ದಶಕದಲ್ಲಿ ಅವರ ಕಾರ್ಖಾನೆ ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳನ್ನು ತಯಾರಿಸುತ್ತಿತ್ತು. ರೆಕ್ಕೆಯ ಆಕಾರಕ್ಕೆಂದು ಸಿಗುತ್ತಿದ್ದುದು 17 ಬಿಂದುಗಳು ಮಾತ್ರ. ನಡುವಿನ ವಕ್ರರೇಖೆಯನ್ನು ಕೈಯಿಂದ ಎಳೆಯಬೇಕಿತ್ತು; ತಪ್ಪು ಅಲ್ಲೇ ನುಸುಳುತ್ತಿತ್ತು. ಅವರ ಇಂಜಿನಿಯರ್ ಫ್ರಾಂಕ್ ಸ್ಟುಲೆನ್ ಪಂಚ್ ಕಾರ್ಡ್ ಯಂತ್ರದ ನೆರವಿನಿಂದ 200 ಬಿಂದುಗಳನ್ನು ಲೆಕ್ಕ ಹಾಕಿದರು. ಆ ಅಂಕಿಗಳನ್ನು ನೋಡಿ ಕೆಲಸಗಾರರು ಯಂತ್ರದ ಚಕ್ರ ತಿರುಗಿಸಿದರು. ಅಂಕಿಯೇ ಯಂತ್ರವನ್ನು ನಡೆಸಬಾರದೇಕೆ ಎಂಬುದು ಪಾರ್ಸನ್ಸ್ ಅವರ ಮುಂದಿನ ಯೋಚನೆ. ಇದಕ್ಕೆ 1949ರಲ್ಲಿ ಅಮೆರಿಕದ ವಾಯುಪಡೆ ಹಣ ನೀಡಿತು. 1952ರಲ್ಲಿ ಎಂಐಟಿ ಸಂಸ್ಥೆಯಲ್ಲಿ ಅಂತಹ ಮಿಲ್ಲಿಂಗ್ ಯಂತ್ರ ಪ್ರದರ್ಶನಗೊಂಡಿತು. ಇಂದಿನ ಸಿಎನ್‌ಸಿ ಯಂತ್ರಗಳ ಮೂಲ ಇದೇ.

ಆದರೆ ಕಟರ್ ಸರಿಯಾದ ಜಾಗಕ್ಕೆ ಬಂದರೂ ತಪ್ಪು ನಿಲ್ಲಲಿಲ್ಲ. ಕಟರ್ ಒತ್ತಿದಾಗ ತೆಳು ಗೋಡೆ ಬಾಗುತ್ತದೆ, ದಾಟಿದ ಮೇಲೆ ಹಿಂದಕ್ಕೆ ಬರುತ್ತದೆ. ಅಲ್ಲಿ ಲೋಹ ಹೆಚ್ಚಾಗಿ ಉಳಿಯುತ್ತದೆ. ದಪ್ಪ ಅರ್ಧವಾದರೆ ಬಾಗದಿರುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ! ಜೊತೆಗೆ ಗೋಡೆ ಕಂಪಿಸುತ್ತದೆ. ಕಟರಿನ ಒಂದು ಹಲ್ಲು ಬಿಟ್ಟುಹೋದ ಅಲೆಯ ಮೇಲೆ ಮುಂದಿನ ಹಲ್ಲು ಕೊರೆಯುವಾಗ ಕಂಪನ ಬೆಳೆಯುತ್ತದೆ. ಇದನ್ನು 1950 ಮತ್ತು 60ರ ದಶಕಗಳಲ್ಲಿ ಚೆಕೊಸ್ಲೊವಾಕಿಯಾದ ಟ್ಲುಸ್ಟಿ, ಇಂಗ್ಲೆಂಡಿನಲ್ಲಿದ್ದ ಟೋಬಿಯಾಸ್ ಮೊದಲಾದವರು ಗಣಿತದಿಂದ ವಿವರಿಸಿದರು. ವೇಗ ತಗ್ಗಿಸುವುದೊಂದೇ ಮದ್ದಲ್ಲ, ಲೆಕ್ಕ ಹಾಕಿ ಆರಿಸಿದರೆ ಕೆಲವೊಮ್ಮೆ ಹೆಚ್ಚಿನ ವೇಗದಲ್ಲೂ ಕಂಪನ ಅಡಗುತ್ತದೆ ಎಂದು ಇದರಿಂದ ತಿಳಿಯಿತು.

ಕೊರೆಯುವ ಕ್ರಮವೂ ಬದಲಾಯಿತು. ಗೋಡೆಯ ಒಂದೇ ಬದಿಯನ್ನು ಪೂರ್ತಿ ಮುಗಿಸದೆ, ಮೇಲಿನಿಂದ ಹಂತ ಹಂತವಾಗಿ ಎರಡೂ ಬದಿಗಳನ್ನು ಸರದಿಯಂತೆ ಕೊರೆಯುತ್ತಾರೆ. ಕೆಳಗೆ ಇನ್ನೂ ಕೊರೆಯದ ದಪ್ಪ ಲೋಹವೇ ಗೋಡೆಗೆ ಆಸರೆ. ಲೋಹದೊಳಗೆ ಅಡಗಿದ ಬಿಗಿತದಿಂದ ಭಾಗ ಸೊಟ್ಟಗಾಗದಂತೆ, ಗಟ್ಟಿಯನ್ನು ತಯಾರಿಸುವಾಗಲೇ ಎಳೆದು ಆ ಬಿಗಿತವನ್ನು ತಗ್ಗಿಸಿರುತ್ತಾರೆ.

1985ರಲ್ಲಿ ಪಾರ್ಸನ್ಸ್ ಮತ್ತು ಸ್ಟುಲೆನ್ ಇಬ್ಬರಿಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ದೊರೆಯಿತು. ಒಬ್ಬರಿಗೆ ಪದವಿಯಿರಲಿಲ್ಲ, ಇನ್ನೊಬ್ಬರು ಓದಿದ ಇಂಜಿನಿಯರ್. ಕೈಕೆಲಸದ ಅನುಭವ, ಗಣಿತದ ಜ್ಞಾನ ಎರಡೂ ಕೂಡಿದಾಗಲೇ ಕೆಲಸ ಕೈಗೂಡಿತು.

ನಮ್ಮ ಬೆಂಗಳೂರು, ಬೆಳಗಾವಿಗಳಲ್ಲಿಯೂ ಇಂದು ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಐಟಿಐ ಸೇರುವ ನಮ್ಮ ಮಕ್ಕಳು ತಮ್ಮ ಕೆಲಸ ಕೀಳೆಂದು ತಿಳಿಯಬಾರದು. ಲೆಕ್ಕ ನಮಗೇಕೆ ಎಂದು ಪುಸ್ತಕ ಮುಚ್ಚಲೂಬಾರದು. ಆ ತೆಳು ಗೋಡೆ ನೆಟ್ಟಗೆ ನಿಲ್ಲುವುದು ಲೆಕ್ಕದ ಆಸರೆಯಲ್ಲೇ.