ಶೇ 0.3 ಎಂಬ ಗೆರೆ

ಪ್ರಯೋಗಾಲಯದ ವರದಿ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಕೊನೆಯ ಸಾಲಿನ ಅಂಕಿಗೆ. ವಿಶ್ಲೇಷಣಾ ರಸಾಯನಶಾಸ್ತ್ರ ಕಲಿಸುತ್ತ ಬಂದ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೆ: ಮಾದರಿಯನ್ನು ಎಲ್ಲಿಂದ ತೆಗೆದರು, ಯಾವಾಗ ಕೊಯ್ದರು, ಹೇಗೆ ಅಳೆದರು ಎಂಬುದನ್ನು ಮೊದಲು ಓದಿ. ಹೆಂಪ್ ಬೆಳೆಯ ಶೇ 0.3ರ ಚರಿತ್ರೆಯಷ್ಟು ಚೆನ್ನಾಗಿ ಈ ಪಾಠ ಹೇಳುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ನಾರು, ಬೀಜಗಳಿಗಾಗಿ ಬೆಳೆಯುವ ಹೆಂಪ್ ಮತ್ತು ನಶೆಗೆ ಬಳಸುವ ಗಾಂಜಾ ಒಂದೇ ಜಾತಿಯ ಗಿಡ. 1961ರ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ಬರೆದವರ ಮುಂದೆ ಇವನ್ನು ಬೇರ್ಪಡಿಸುವ ಅಂಕಿ ಇರಲಿಲ್ಲ. ನಶೆ ತರುವ ಟಿಎಚ್‌ಸಿಯನ್ನು ಇಸ್ರೇಲಿನ ರಫೇಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ ಶುದ್ಧರೂಪದಲ್ಲಿ ಪಡೆದು ಅದರ ರಚನೆ ತಿಳಿಸಿದ್ದು 1964ರಲ್ಲಿ. ಹಾಗಾಗಿ ಒಪ್ಪಂದ ಗಿಡದ ಭಾಗಗಳನ್ನೇ ನೋಡಿ ಗೆರೆ ಎಳೆಯಿತು. ಹೂ, ಕಾಯಿ ಬಿಟ್ಟ ತುದಿ ನಿಯಂತ್ರಣದ ಒಳಗೆ; ಬೀಜ ಮತ್ತು ತುದಿ ಜೊತೆಗಿಲ್ಲದ ಎಲೆ ಆ ವ್ಯಾಖ್ಯೆಯ ಹೊರಗೆ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದರೇನು ಎಂದು ಹೇಳಿದ್ದೂ ಇದೇ ಜಾಡಿನಲ್ಲಿ.

ಅಂಕಿ ಬಂದದ್ದು ಕೆನಡಾದಿಂದ. ಒಟ್ಟಾವಾದ ಸಸ್ಯಶಾಸ್ತ್ರಜ್ಞ ಅರ್ನೆಸ್ಟ್ ಸ್ಮಾಲ್ ನಾನಾ ದೇಶಗಳ ಬೀಜಗಳಿಂದ ನೂರಾರು ಬಗೆಯ ಗಿಡ ಬೆಳೆಸಿ ಪರೀಕ್ಷಿಸಿದ್ದರು. 1976ರಲ್ಲಿ ಅವರೂ ಅಮೆರಿಕದ ಆರ್ಥರ್ ಕ್ರಾಂಕ್ವಿಸ್ಟ್ ಅವರೂ ‘ಟ್ಯಾಕ್ಸಾನ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿ, ಎಳೆಯ, ಹುಲುಸಾದ ಎಲೆಗಳ ಒಣತೂಕದಲ್ಲಿ ಶೇ 0.3 ಟಿಎಚ್‌ಸಿಯನ್ನು ಎರಡು ಉಪಜಾತಿಗಳ ನಡುವಿನ ಗಡಿಯಾಗಿಸಿದರು. ಗಡಿಯನ್ನು ಅಲ್ಲಿಯೇ ಇಡಬೇಕೆಂಬ ಕಟ್ಟುಪಾಡಿಲ್ಲ, ತಾವೇ ಆರಿಸಿಕೊಂಡದ್ದು ಎಂದು ಪ್ರಬಂಧದಲ್ಲೇ ಹೇಳಿದರು. ವರ್ಗೀಕರಣಕ್ಕೆ ಅಷ್ಟು ಸಾಕಿತ್ತು.

ಕಾನೂನು ಅದೇ ಅಂಕಿಯನ್ನು ಎತ್ತಿಕೊಂಡಿತು. 1998ರಲ್ಲಿ ಕೆನಡಾ, 2018ರ ಕೃಷಿ ಮಸೂದೆಯಲ್ಲಿ ಅಮೆರಿಕ. ಯುರೋಪ್ ಒಕ್ಕೂಟ ಬಹುಕಾಲ ಶೇ 0.2 ಇಟ್ಟುಕೊಂಡು, 2023ರಿಂದ ಶೇ 0.3ಕ್ಕೆ ಏರಿಸಿತು. ಆದರೆ ಸ್ಮಾಲ್ ಅಳೆದದ್ದು ಎಲೆ. ಅಮೆರಿಕದ ಕೃಷಿ ಇಲಾಖೆ 2021ರ ಜನವರಿಯಲ್ಲಿ ಪ್ರಕಟಿಸಿದ ಅಂತಿಮ ನಿಯಮದಂತೆ ಮಾದರಿ ತೆಗೆಯಬೇಕಾದದ್ದು ಹೂಬಿಟ್ಟ ತುದಿಯ ಐದರಿಂದ ಎಂಟು ಅಂಗುಲ. ಗಿಡದಲ್ಲಿ ಟಿಎಚ್‌ಸಿ ಅತಿ ಹೆಚ್ಚು ಕೂಡುವುದು ಆ ತುದಿಯಲ್ಲೇ. ಅಂಕಿ ಹಾಗೇ ಉಳಿಯಿತು, ಅದರ ಕೆಳಗಿನ ವಸ್ತು ಬದಲಾಯಿತು.

ಇನ್ನೊಂದು ಸೂಕ್ಷ್ಮ ಯಂತ್ರದ್ದು. ಹಸಿ ಗಿಡದಲ್ಲಿ ಹೆಚ್ಚಾಗಿರುವುದು ಟಿಎಚ್‌ಸಿಯ ಆಮ್ಲರೂಪ. ಬಿಸಿ ತಾಗಿದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಅದು ಟಿಎಚ್‌ಸಿ ಆಗುತ್ತದೆ. ಗ್ಯಾಸ್ ಕ್ರೊಮಟೊಗ್ರಾಫ್ ತನ್ನ ಶಾಖದಿಂದ ಈ ಕೆಲಸ ತಾನೇ ಮಾಡಿಬಿಡುತ್ತದೆ. ಲಿಕ್ವಿಡ್ ಕ್ರೊಮಟೊಗ್ರಾಫ್ ಎರಡನ್ನೂ ಬೇರೆ ಬೇರೆ ತೋರಿಸುವುದರಿಂದ ಆಮ್ಲದ ಪ್ರಮಾಣವನ್ನು 0.877ರಿಂದ ಗುಣಿಸಿ ಕೂಡಬೇಕು. ಎರಡು ಅಣುಗಳ ತೂಕದ ಅನುಪಾತವದು. ಈ ಒಂದು ಗುಣಾಕಾರ ಬಿಟ್ಟರೆ ಮಿತಿ ಮೀರಿದ ಹೊಲವೂ ಪಾಸಾದೀತು.

ಅಮೆರಿಕದ ಆ ನಿಯಮಗಳಲ್ಲಿ ನಾನು ಮೆಚ್ಚುವ ಅಂಶವೂ ಇದೆ. ಅಳತೆಯ ಅನಿಶ್ಚಿತತೆಯನ್ನು ಪ್ರಯೋಗಾಲಯ ವರದಿಯಲ್ಲಿ ಬರೆಯಲೇಬೇಕು. ಫಲಿತಾಂಶ 0.35 ಬಂದು ಅನಿಶ್ಚಿತತೆ 0.06 ಇದ್ದರೆ, 0.29ರಿಂದ 0.41ರ ಹರವಿನಲ್ಲಿ 0.3 ಸೇರುವುದರಿಂದ ಬೆಳೆ ಉಳಿಯುತ್ತದೆ. ಮಾದರಿ ತೆಗೆದ ಮೇಲೆ ಕೊಯ್ಲಿಗೆ ಮೊದಲು 15 ದಿನ ಕೊಟ್ಟಿದ್ದರು. ರೈತರ ಅಹವಾಲು ಕೇಳಿ 30 ಮಾಡಿದರು. ನಿರ್ಲಕ್ಷ್ಯದ ಆರೋಪ ಹೊರಿಸುವ ಮಟ್ಟವನ್ನು ಶೇ 0.5ರಿಂದ 1ಕ್ಕೆ ಏರಿಸಿದರು. ಮಿತಿ ಮೀರಿದ ಬೆಳೆಯನ್ನು ಹೂ ತೆಗೆದೋ ಪುಡಿ ಮಾಡಿಯೋ ಸರಿಪಡಿಸುವ ಅವಕಾಶವೂ ದೊರೆಯಿತು.

2018ರಲ್ಲಿ ಉತ್ತರಾಖಂಡ ಹೆಂಪ್ ಬೇಸಾಯಕ್ಕೆ ಬಾಗಿಲು ತೆರೆದಾಗ ಅದೇ ಶೇ 0.3 ಹಿಮಾಲಯಕ್ಕೂ ಬಂತು. ಕುಮಾವೂನಿನ ಬೆಟ್ಟದ ಜನ ತಲೆಮಾರುಗಳಿಂದ ಆ ಗಿಡದ ನಾರಿನಲ್ಲಿ ನೇಯ್ದಿದ್ದಾರೆ, ಬೀಜದಲ್ಲಿ ಚಟ್ನಿ ಅರೆದಿದ್ದಾರೆ. ಅವರ ಹೊಲದ ಬೆಳೆಯನ್ನು ನಾಶಮಾಡಿಸುವ ಅಧಿಕಾರ ಒಂದು ಅಂಕಿಗೆ ಕೊಡುವುದಾದರೆ, ಯಾವ ಭಾಗ, ಯಾವ ದಿನ, ಯಾವ ಯಂತ್ರ, ಎಷ್ಟು ಅನಿಶ್ಚಿತತೆ ಎಂಬ ನಾಲ್ಕೂ ನಿಯಮದಲ್ಲಿ ಆ ಅಂಕಿಯ ಪಕ್ಕದಲ್ಲೇ ಇರಬೇಕು. ರೈತನಿಗೆ ಮರುಪರೀಕ್ಷೆ ಕೇಳುವ ಹಕ್ಕೂ ಬೇಕು. ಇನ್ನು ಮುಂದೆ ನಿಯಮ ಬರೆಯುವ ಪ್ರತಿ ರಾಜ್ಯಕ್ಕೂ ನನ್ನ ಕೋರಿಕೆ ಇದೇ.