ತೋಟಾ ಹೊಗದ ಬಂದೂಕು

ಯುದ್ಧದ ಇತಿಹಾಸವನ್ನು ಓದುವಾಗ ನಮ್ಮ ಗಮನವೆಲ್ಲ ಸೇನಾಪತಿಗಳು, ಒಪ್ಪಂದಗಳು ಮತ್ತು ಇಸವಿಗಳ ಮೇಲೆಯೇ ನಿಲ್ಲುತ್ತದೆ. ಆದರೆ ಇಂಚಿನ ಸಾವಿರದ ಕೆಲವೇ ಭಾಗಗಳಷ್ಟು ಅಂತರವೂ ರಣರಂಗದಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಪ್ರಥಮ ಮಹಾಯುದ್ಧದ ಪಾಠ ಮಾಡುವಾಗ ಪಠ್ಯಪುಸ್ತಕದಲ್ಲಿ ನಾನು ಎಂದೂ ಕಾಣದ ಅಂಥದೊಂದು ಪ್ರಸಂಗವನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಇಲ್ಲಿ ನಿರೂಪಿಸುತ್ತಿದ್ದೇನೆ.

ಮೊದಲು ಯಂತ್ರದ ಮಾತು. ರೈಫಲಿನ ತೋಟಾ ಎಂದರೆ ಹಿತ್ತಾಳೆಯ ಕವಚ, ಅದರೊಳಗೆ ಮದ್ದು, ಬಾಯಲ್ಲಿ ಗುಂಡು. ಇದು ನಳಿಗೆಯ ಹಿಂಭಾಗದ ಕುಳಿಯಲ್ಲಿ, ಅಂದರೆ ಚೇಂಬರಿನಲ್ಲಿ, ಕೂರುತ್ತದೆ. ಹಿಂದಿನಿಂದ ಬೋಲ್ಟ್ ಎಂಬ ಅಗುಳಿ ಬಂದು ಮುಚ್ಚುತ್ತದೆ. ಮದ್ದು ಉರಿದಾಗ ಹಿತ್ತಾಳೆ ಹಿಗ್ಗಿ ಗೋಡೆಗೆ ಒತ್ತಿಕೊಂಡು, ಮರುಕ್ಷಣ ತುಸು ಕುಗ್ಗಿ ಸಡಿಲವಾಗಬೇಕು. ಕುಳಿ ಬಿಗಿಯಾಗಿದ್ದು ತೋಟಾ ದಪ್ಪವಾಗಿದ್ದರೆ, ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ, ಅದು ಒಳಗೂ ಹೋಗದು, ಹೊರಗೂ ಬಾರದು.

ಬೋಯರ್ ಯುದ್ಧದ ಕಾಲದಲ್ಲಿ ಕೆನಡಾ ದೇಶಕ್ಕೆ ಬೇಕಾದಷ್ಟು ಲೀ-ಎನ್‌ಫೀಲ್ಡ್ ರೈಫಲುಗಳು ಬ್ರಿಟನ್ನಿನಿಂದ ದೊರೆಯಲಿಲ್ಲ. ಆಗ ಸ್ಕಾಟ್ಲೆಂಡಿನ ಶ್ರೀಮಂತ ಸರ್ ಚಾರ್ಲ್ಸ್ ರಾಸ್ ತನ್ನದೇ ವಿನ್ಯಾಸದ ರೈಫಲನ್ನು ಮುಂದಿಟ್ಟ. 1902ರಲ್ಲಿ ಒಪ್ಪಂದವಾಗಿ ಕ್ವಿಬೆಕ್ ನಗರದಲ್ಲಿ ಕಾರ್ಖಾನೆ ಎದ್ದಿತು. ರಾಸ್ ರೈಫಲ್ ಗುರಿಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಗೆದ್ದಿತು. ಅದರ ಬೋಲ್ಟನ್ನು ತಿರುಗಿಸಬೇಕಿಲ್ಲ, ನೇರವಾಗಿ ಹಿಂದಕ್ಕೆಳೆದರೆ ಸಾಕು. ಆದರೆ ಸಿಕ್ಕಿಕೊಂಡ ಕವಚವನ್ನು ಮೀಟಿ ಸಡಿಲಿಸುವ ಬಲ ಆ ನೇರ ಎಳೆತದಲ್ಲಿ ಕಡಿಮೆ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನರು ಕ್ಲೋರಿನ್ ವಿಷಾನಿಲವನ್ನು ಬಿಟ್ಟರು. 24ರಂದು ಆ ಹಸಿರು ಮೋಡ ನೇರವಾಗಿ ಕೆನಡಾದ ಯೋಧರ ಮೇಲೆಯೇ ಬಂದಿತು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಕೆಮ್ಮುತ್ತ, ಶತ್ರುವಿಗೆ ಗುಂಡು ಹಾರಿಸಲು ಹೋದವರ ಕೈಯಲ್ಲಿ ರೈಫಲ್ ಕಚ್ಚಿಕೊಂಡಿತು. ಬೂಟುಗಾಲಿನಿಂದ ಒದ್ದು, ಸಲಿಕೆಯ ಹಿಡಿಯಿಂದ ಬಡಿದು ಬೋಲ್ಟ್ ತೆರೆಯಬೇಕಾಯಿತು. ಆ ಕದನದಲ್ಲಿ ಬದುಕುಳಿದ ಸುಮಾರು 5,000 ಪದಾತಿಗಳಲ್ಲಿ 1,452 ಮಂದಿ ತಮ್ಮ ರಾಸ್ ರೈಫಲನ್ನು ಎಸೆದು, ಮಡಿದವರ ಲೀ-ಎನ್‌ಫೀಲ್ಡನ್ನು ಎತ್ತಿಕೊಂಡಿದ್ದರು. ಇದೇ ರಣಭೂಮಿಯಲ್ಲಿ 26ರಂದು ಭಾರತೀಯ ಸೇನೆಯ ಲಾಹೋರ್ ಡಿವಿಷನ್ನೂ ಹೋರಾಡಿತೆಂಬುದನ್ನು ನಾವು ಮರೆಯಬಾರದು.

ದೋಷ ಎಲ್ಲಿತ್ತು? ಕೆಲವರು ಕಂದಕದ ಕೆಸರನ್ನು ದೂರಿದರು. ಆದರೆ ಕೆನಡಾದಲ್ಲೇ ತಯಾರಾದ ತೋಟಾಗಳು ಅದೇ ರೈಫಲಿನಲ್ಲಿ ಸಲೀಸಾಗಿ ನಡೆಯುತ್ತಿದ್ದವು; ಯುದ್ಧದ ಅವಸರದಲ್ಲಿ ಬ್ರಿಟನ್ನಿನಲ್ಲಿ ತಯಾರಾದವು ಕಚ್ಚಿಕೊಳ್ಳುತ್ತಿದ್ದವು. ರಾಸ್‌ನ ಚೇಂಬರ್ ಬಿಗಿ, ಬ್ರಿಟಿಷ್ ತೋಟಾದ ಅಳತೆ ಸಡಿಲ. ಲೀ-ಎನ್‌ಫೀಲ್ಡಿನ ಅಗಲವಾದ ಚೇಂಬರ್ ಎರಡನ್ನೂ ಸಹಿಸುತ್ತಿತ್ತು. ಚೇಂಬರುಗಳನ್ನು ಕೊರೆದು ಹಿಗ್ಗಿಸಲಾಯಿತು. ಅಷ್ಟಾದರೂ ತೊಂದರೆ ಪೂರ್ಣವಾಗಿ ತೀರಲಿಲ್ಲ. ಬಲವಾಗಿ ಎಳೆದಾಗಲೆಲ್ಲ ಬೋಲ್ಟಿನ ಹಲ್ಲು ಹಿಂದಿನ ಚಿಕ್ಕ ತಡೆಗೆ ಬಡಿದು ಜಜ್ಜಿಹೋಗುತ್ತಿತ್ತು. ಜಜ್ಜಿದ ಹಲ್ಲು ಮತ್ತೆ ತನ್ನ ಗಾಡಿಯಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ದೋಷದ ಬೆನ್ನಿಗೆ ಇನ್ನೊಂದು ಅಡಗಿತ್ತು.

ಇದಕ್ಕಿಂತ ದೊಡ್ಡ ದೋಷ ರಾಜಧಾನಿಯಲ್ಲಿತ್ತು. ಸೇನಾಮಂತ್ರಿ ಸ್ಯಾಮ್ ಹ್ಯೂಸ್ ಈ ರೈಫಲನ್ನು ತನ್ನ ಪ್ರತಿಷ್ಠೆಯ ಪ್ರಶ್ನೆಯಾಗಿ ಮಾಡಿಕೊಂಡಿದ್ದ. ದೂರು ಬರೆದ ಸೇನಾನಿ ಆಲ್ಡರ್ಸನ್ನನ ಮೇಲೆಯೇ ಹರಿಹಾಯ್ದ. ಆಲ್ಡರ್ಸನ್ 1916ರ ಮೇ ತಿಂಗಳಲ್ಲಿ ಅಧಿಕಾರ ಕಳೆದುಕೊಂಡ. ಆದರೂ ಸತ್ಯ ಗೆದ್ದಿತು. ಅದೇ ವರ್ಷ ಕೆನಡಾದ ಉಳಿದ ಡಿವಿಷನ್ನುಗಳಿಗೂ ಲೀ-ಎನ್‌ಫೀಲ್ಡ್ ದೊರೆಯಿತು. ನವೆಂಬರಿನಲ್ಲಿ ಹ್ಯೂಸ್ ಪದವಿ ತ್ಯಜಿಸಬೇಕಾಯಿತು. ಸ್ವಾರಸ್ಯವೆಂದರೆ, ಮರೆಯಲ್ಲಿ ಕುಳಿತು ಒಂದೊಂದೇ ಗುಂಡು ಹಾರಿಸುವ ಗುರಿಕಾರರು ಮಾತ್ರ ರಾಸ್ ರೈಫಲನ್ನು ಬಿಡಲೊಪ್ಪಲಿಲ್ಲ. ತೋಟಾಗಳನ್ನು ಆರಿಸಿಕೊಳ್ಳಲು, ರೈಫಲನ್ನು ಒರಸಿಡಲು ಅವರಿಗೆ ವ್ಯವಧಾನವಿತ್ತು.

ವಿದೇಶಗಳಲ್ಲಿ ಬಳಸಿದ ಕವಚಕ್ಕೆ ತಾವೇ ಮದ್ದು ತುಂಬಿಕೊಳ್ಳುವ ಹವ್ಯಾಸಿಗಳಿಗೆ ಈ ಪಾಠ ಇಂದಿಗೂ ಅನ್ವಯಿಸುತ್ತದೆ. ಒಂದು ರೈಫಲಿನಲ್ಲಿ ಹಿಗ್ಗಿದ ಕವಚ ಇನ್ನೊಂದಕ್ಕೆ ಹೊಂದದೆ ಹೋಗಬಹುದು. ಅದನ್ನು ಅಚ್ಚಿನಲ್ಲೊತ್ತಿ ಮೊದಲಿನ ಅಳತೆಗೆ ತರಬೇಕು, ಉದ್ದ ಹೆಚ್ಚಿದ್ದರೆ ಕತ್ತರಿಸಬೇಕು. ತುಂಬಿದ ತೋಟಾ ಹೊಗದಿದ್ದರೆ ಜಾಣನಾದವನು ಬೋಲ್ಟನ್ನು ಬಡಿಯುವುದಿಲ್ಲ. ಹಾಗೆಯೇ ಅಚ್ಚಿನಲ್ಲೊತ್ತಿದ, ಮದ್ದಾಗಲಿ ಗುಂಡಾಗಲಿ ಇಲ್ಲದ ಖಾಲಿ ಕವಚವನ್ನು ಇಟ್ಟು ನೋಡುತ್ತಾನೆ. ಅದು ಕೂತರೆ ಗುಂಡನ್ನು ಕೂರಿಸಿದ ಬಗೆಯನ್ನು ಶಂಕಿಸುತ್ತಾನೆ, ಕೂರದಿದ್ದರೆ ಕವಚವನ್ನೇ ಅಳೆಯುತ್ತಾನೆ.

ಕರಾರುವಾಕ್ಕಾಗಿರುವುದು ದೊಡ್ಡ ಗುಣವೇ ಸರಿ. ಆದರೆ ನಮ್ಮ ಅಳತೆ ಎಷ್ಟೇ ನಿಖರವಾಗಿದ್ದರೂ ಎದುರಿನದರ ಅಳತೆಯನ್ನು ತಿಳಿಯದಿದ್ದರೆ ಅದು ವ್ಯರ್ಥ. ಇಂಜಿನಿಯರುಗಳಾಗಿಯೂ ಅಧಿಕಾರಿಗಳಾಗಿಯೂ ಇರುವ ನನ್ನ ವಿದ್ಯಾರ್ಥಿಗಳು, ಕೆಳಗಿನಿಂದ ದೂರೊಂದು ಬಂದಾಗ, ದೂರಿದವನನ್ನು ಗದರಿಸುವ ಮುನ್ನ ಅವನ ಕೈಯಲ್ಲಿರುವ ತೋಟಾವನ್ನು ಒಮ್ಮೆ ಅಳೆದು ನೋಡಲಿ.