ಇನಿಷಿಯಲ್ ಬಿಡಿಸಿ ಬರೆಯಿರಿ: ಹೊರದೇಶದಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ವೀಸಾ, ಕಾಗದಪತ್ರ

ಬಿ.ಎಂ. ಶ್ರೀಕಂಠಯ್ಯನವರ ಹೆಸರಿನಲ್ಲಿರುವ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಎ.ಎನ್. ಮೂರ್ತಿರಾವ್ ಅವರ ‘ಎ’ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು. ಇಬ್ಬರೂ ಮೈಸೂರು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ತಲೆಮಾರುಗಳನ್ನು ತಯಾರು ಮಾಡಿದವರು. ಅವರೇ ಇಂದು ಕೊರಿಯಾಕ್ಕೋ ದುಬೈಗೋ ಇಂಗ್ಲಿಷ್ ಕಲಿಸಲು ಅರ್ಜಿ ಹಾಕಿದರೆ ಮೊದಲ ಪುಟದಲ್ಲೇ ಎರಡು ಕಡೆ ಪೆನ್ನು ನಿಲ್ಲುತ್ತದೆ. ಬೆಳ್ಳೂರನ್ನೋ ಅಕ್ಕಿಹೆಬ್ಬಾಳನ್ನೋ ಸರ್‌ನೇಮ್ ಎಂದು ಬರೆಯಬಹುದೇ ಎನ್ನುವುದು ಒಂದು. ನೀವು ‘ನೇಟಿವ್ ಸ್ಪೀಕರ್’ ಹೌದೇ ಎನ್ನುವುದು ಇನ್ನೊಂದು.

ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ ಎಂಬ ಪ್ರಶ್ನೆ ಬರುವುದು ಇವೆರಡೂ ತೀರ್ಮಾನವಾದ ಮೇಲೆ. ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳಾದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಎಂ.ಎ. ಇಂಗ್ಲಿಷ್, ಬಿ.ಇಡಿ. ಮುಗಿಸಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾ ಹೊರಗಿನ ಕೆಲಸದ ಮೇಲೆ ಕಣ್ಣಿಟ್ಟವರು ಬೆಂಗಳೂರಿನ ಏಜೆಂಟನ ಬಾಗಿಲು ತಟ್ಟುವ ಮೊದಲು ಊರಿನಲ್ಲೇ ನೋಡಿಕೊಳ್ಳಬೇಕಾದ ಕೆಲಸ ಬಹಳವಿದೆ.

ಯಾವ ದೇಶ ಯಾರನ್ನು ಕರೆಯುತ್ತದೆ

ದಕ್ಷಿಣ ಕೊರಿಯಾದಲ್ಲಿ ಭಾಷೆ ಕಲಿಸಲು ಬರುವವರಿಗೆ ಇ-2 ಎಂಬ ವೀಸಾ ಇದೆ. ಇಂಗ್ಲಿಷಿಗೆ ಸಂಬಂಧಿಸಿ ಅದು ಮೂಲತಃ ಏಳು ದೇಶಗಳ ಪಾಸ್‌ಪೋರ್ಟಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತಕ್ಕೆ ಒಂದು ಕಿಟಕಿ ತೆರೆದದ್ದು 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಿಂದ. ಅದರ ಪ್ರಕಾರ ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಯ ಶಿಕ್ಷಕ ಅರ್ಹತೆ ಇರುವ ಭಾರತೀಯರು ಅಲ್ಲಿನ ಪ್ರಾಥಮಿಕ, ಪ್ರೌಢ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಬೀದಿಬೀದಿಯಲ್ಲಿರುವ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ, ಅಂದರೆ ಅವರು ‘ಹಾಗ್ವಾನ್’ ಎನ್ನುವ ಕಡೆಗೆ, ಈ ಕಿಟಕಿ ತೆರೆಯುವುದಿಲ್ಲ. ‘ಕೊರಿಯಾದ ಟ್ಯೂಷನ್ ಸೆಂಟರಿನಲ್ಲಿ ಕೆಲಸ, ಪದವಿ ಒಂದಿದ್ದರೆ ಸಾಕು’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಸಬಹುದು.

ಚೀನಾ ಕೆಲಸಕ್ಕೆ ಕೊಡುವುದು ಝಡ್ ವೀಸಾ. ಭಾಷಾ ಶಿಕ್ಷಕರು ಆ ಭಾಷೆ ಮಾತೃಭಾಷೆಯಾಗಿರುವ ದೇಶದ ಪ್ರಜೆಗಳೇ ಆಗಿರಬೇಕು ಎಂಬುದು ಅಲ್ಲಿನ ಸಾಮಾನ್ಯ ನಿಯಮ. ನಮ್ಮ ಪಾಸ್‌ಪೋರ್ಟಿಗೆ ಆ ದಾರಿ ತೀರ ಇಕ್ಕಟ್ಟು.

ಥಾಯ್ಲೆಂಡ್, ವಿಯೆಟ್ನಾಂ ಅಷ್ಟು ಬಿಗಿಯಲ್ಲ. ಥಾಯ್ಲೆಂಡಿಗೆ ನಾನ್-ಇಮಿಗ್ರೆಂಟ್ ಬಿ ವೀಸಾ, ಅಲ್ಲಿಗೆ ಹೋದ ಮೇಲೆ ವರ್ಕ್ ಪರ್ಮಿಟ್, ಶಾಲೆಯಲ್ಲಿ ಕೆಲಸವಾದರೆ ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಯಿಕ್ ಅಥವಾ ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕವನ್ನೂ ತೋರಿಸಬೇಕು. ವಿಯೆಟ್ನಾಂ ವರ್ಕ್ ಪರ್ಮಿಟ್‌ಗೆ ಪದವಿ, ಬೋಧನಾ ಪ್ರಮಾಣಪತ್ರ, ಪೊಲೀಸ್ ಪತ್ರ, ವೈದ್ಯಕೀಯ ತಪಾಸಣೆ ಕೇಳುತ್ತದೆ.

ಮಂಡ್ಯ ಕಡೆಯ ಬಿ.ಇಡಿ. ಪದವೀಧರರಿಗೆ ನೇರವಾದ ದಾರಿ ಕೊಲ್ಲಿ ದೇಶಗಳದ್ದು ಎಂದು ನನಗನಿಸುತ್ತದೆ. ಅಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಗಳು ನೂರಾರಿವೆ. ‘ನೇಟಿವ್ ಸ್ಪೀಕರ್’ ಎಂಬ ಮಾತನ್ನು ಅವು ಎತ್ತುವುದಿಲ್ಲ, ಬಿ.ಇಡಿ. ಇದೆಯೇ, ಅನುಭವ ಎಷ್ಟು ವರ್ಷ ಎಂದು ಕೇಳುತ್ತವೆ. ಸಂಬಳ ಕೊರಿಯಾದಷ್ಟು ಇರದೆ ಹೋಗಬಹುದು, ಆದರೆ ಕಾಗದ ಪಾಸಾಗುತ್ತದೆ. ಇದೇನೂ ಹೊಸ ವಲಸೆಯಲ್ಲ. 1960ರ ದಶಕದಲ್ಲಿ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತದಿಂದ ಹೋದ ಮೇಷ್ಟ್ರುಗಳು ಬಹಳ ಮಂದಿ ಇದ್ದರು. ಭೂತಾನ್, ಮಾಲ್ಡೀವ್ಸ್‌ಗಳಿಗೂ ಅದೇ ಸಾಲು ಹರಿಯಿತು.

ಓದಿದ ಮಾಧ್ಯಮ: ಸ್ಟಾಂಪಿಗೆ ಬಗ್ಗದ ಪ್ರಶ್ನೆ

ಜಪಾನಿನ ಶಾಲೆಗಳಲ್ಲಿ ಸಹಾಯಕ ಭಾಷಾ ಶಿಕ್ಷಕರಿಗೆ ‘ಇನ್‌ಸ್ಟ್ರಕ್ಟರ್’ ಎಂಬ ವಾಸದ ಅನುಮತಿ ಬೇಕು. ಅದರ ಷರತ್ತುಗಳಲ್ಲಿ ಒಂದು: ಕಲಿಸುವ ಭಾಷೆಯ ಮಾಧ್ಯಮದಲ್ಲಿ ಅರ್ಜಿದಾರರು ಕನಿಷ್ಠ 12 ವರ್ಷ ಓದಿರಬೇಕು. ಕಿಕ್ಕೇರಿಯ ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದವರ ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು, ಪದವಿ ಮೂರು, ಎಂ.ಎ. ಎರಡು, ಬಿ.ಇಡಿ. ಎರಡು. ಒಟ್ಟು ಒಂಬತ್ತು. ಇಂಗ್ಲಿಷ್ ಸಾಹಿತ್ಯದಲ್ಲಿ ಚಿನ್ನದ ಪದಕ ಬಂದಿದ್ದರೂ ಮೂರು ವರ್ಷ ಕೊರತೆ ಉಳಿಯುತ್ತದೆ, ಅದನ್ನು ತುಂಬಿಕೊಡುವ ನೋಟರಿ ಯಾವ ಊರಿನಲ್ಲೂ ಇಲ್ಲ. ಪಕ್ಕದ ಕಾನ್ವೆಂಟಿನಲ್ಲಿ ಒಂದನೆಯ ತರಗತಿಯಿಂದ ಓದಿ, ಸಾಧಾರಣ ಅಂಕ ತೆಗೆದವರಿಗೆ ಇದೇ ಷರತ್ತು ಸಲೀಸು. ನಿಯಮ ಅಳೆಯುವುದು ಕಲಿಕೆಯನ್ನಲ್ಲ, ಶಾಲೆಯ ಫೀಸನ್ನು ಎಂದು ಕನ್ನಡ ಶಾಲೆಯವರು ಬೇಸರಪಟ್ಟರೆ ತಪ್ಪೆನ್ನಲಾಗದು.

ಆದ್ದರಿಂದ ದೇಶ ಆರಿಸುವ ಮೊದಲು ತೆಗೆದುಕೊಳ್ಳಬೇಕಾದ ಕಾಗದ ಮಾಧ್ಯಮದ ದೃಢೀಕರಣ. ಪ್ರತಿ ಶಾಲೆ, ಕಾಲೇಜಿನಿಂದ ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಮಾಧ್ಯಮ ಎಂದು ಲೆಟರ್‌ಹೆಡ್ಡಿನಲ್ಲಿ ಬರೆಸಿ, ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಬೇಕು. ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಎಲ್ಲಿದೆ ಎಂದು ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ವಿಚಾರಿಸಬೇಕು.

ಹೆಸರು, ಊರು, ಕಾಗುಣಿತ

ಅರ್ಜಿಗಳು ಹೆಚ್ಚಾಗಿ ಎಡವುವ ಕಲ್ಲು ಇದು. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದಿದ್ದ ಇನಿಷಿಯಲ್ ಪದವಿಯ ಹೊತ್ತಿಗೆ ಹಿಂದೆ ಹೋಗಿರುತ್ತದೆ, ಆಧಾರ್‌ನಲ್ಲಿ ಮಾಯವಾಗಿರುತ್ತದೆ. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದಾಗ ‘ಎನ್.ಸಿ. ರಮೇಶ’ ಎಂಬ ಅಂಕಪಟ್ಟಿಯ ಹೆಸರು ಪಾಸ್‌ಪೋರ್ಟಿನಲ್ಲಿ ‘ರಮೇಶ ನಾಗಮಂಗಲ ಚಿಕ್ಕಣ್ಣ’ ಆಗುತ್ತದೆ. ಇಲ್ಲಿಯವರಿಗೆ ಇಬ್ಬರೂ ಒಬ್ಬನೇ. ಸೋಲ್‌ನಲ್ಲಿ ಕುಳಿತ ವಲಸೆ ಅಧಿಕಾರಿಗೆ ಒಬ್ಬ ಪದವಿ ಪಡೆದವನು, ಇನ್ನೊಬ್ಬ ವಿಮಾನ ಹತ್ತಲು ಬಂದವನು.

ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಒಂದೇ ಹೆಸರು ಹಾಕಿಸಿದರೂ ತೊಂದರೆ ತಪ್ಪದು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರಯಾಣಿಕರಿಗೆ ಯುಎಇ 2022ರ ನವೆಂಬರಿನಲ್ಲಿ ನಿರ್ಬಂಧ ತಂದಿತು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಆಗಿ ಒಮ್ಮೆ ನಿರ್ಧರಿಸಿ, ಆಮೇಲೆ ಮಾಡಿಸುವ ಎಲ್ಲ ಕಾಗದದಲ್ಲೂ ಅದನ್ನೇ ಹಿಡಿಯುವುದು ಒಳ್ಳೆಯದು.

ಅಂಕಪಟ್ಟಿಯಲ್ಲೇ ಅಕ್ಷರ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ತಿದ್ದುಪಡಿ ಕೋರಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸರಿಯಾಗಿ ಬರೆದಿದ್ದರೆ ಕೆಲಸ ಆಗುತ್ತದೆ. ಅಲ್ಲೇ ತಪ್ಪಿದ್ದರೆ ದಾರಿ ಉದ್ದ. ‘ಇಬ್ಬರೂ ಒಬ್ಬರೇ’ ಎಂದು ನೋಟರಿ ಮುಂದೆ ಮಾಡಿಸುವ ಅಫಿಡವಿಟ್ ಕೆಲವು ಕಡೆ ನಡೆಯುತ್ತದೆ, ಎಲ್ಲ ಕಡೆಯೂ ಅಲ್ಲ.

ಊರಿನ ಹೆಸರಿನದೂ ಇದೇ ಪಾಡು. ಕೆ.ಆರ್. ಪೇಟೆ, ಕೃಷ್ಣರಾಜಪೇಟ್, ಕೃಷ್ಣರಾಜಪೇಟೆ ಎಂದು ಇಂಗ್ಲಿಷಿನಲ್ಲಿ ಮೂರು ಬಗೆ ಬರೆಯುತ್ತಾರೆ. ಅದಕ್ಕೂ ಹಿಂದೆ ಊರು ಅತ್ತಿಗುಪ್ಪೆಯಾಗಿತ್ತು. ಪಾಂಡವಪುರ ಒಂದು ಕಾಲಕ್ಕೆ ಹಿರೋಡೆ, ಹೈದರ್–ಟಿಪ್ಪು ಕಾಲದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್. 2014ರ ನವೆಂಬರ್ 1ರಿಂದ ಮೈಸೂರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು, ವಿಶ್ವವಿದ್ಯಾನಿಲಯ ಮಾತ್ರ ಹಳೆಯದನ್ನೇ ಉಳಿಸಿಕೊಂಡಿದೆ. ಅರ್ಜಿಯಲ್ಲಿ ಹುಟ್ಟಿದ ಊರನ್ನು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಬರೆಯಬೇಕು.

ಪಾಸ್‌ಪೋರ್ಟ್, ಪೊಲೀಸ್ ಪತ್ರ

36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಪ್ರಯೋಗ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು. 2017ರ ಜನವರಿಯಲ್ಲಿ ಅದು ತೆರೆಯಿತು. ಹತ್ತನೆಯ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ‘ವಲಸೆ ಅನುಮತಿ ಬೇಕು’ ಎಂಬ ಮುದ್ರೆ ಬೀಳುವುದಿಲ್ಲ, ಹೀಗಾಗಿ ಕೊಲ್ಲಿಗೆ ಹೊರಟ ಶಿಕ್ಷಕರಿಗೆ ವಲಸೆ ಅನುಮತಿಯ ಗೋಜಿಲ್ಲ. ಸರ್ಕಾರಿ ಶಾಲೆಯಲ್ಲಿರುವವರು ಪಾಸ್‌ಪೋರ್ಟ್ ಅರ್ಜಿಗೆ ಮುಂಚೆ ಇಲಾಖೆಗೆ ತಿಳಿಸಿದ ಪತ್ರವನ್ನೋ ನಿರಾಕ್ಷೇಪಣಾ ಪತ್ರವನ್ನೋ ಇಟ್ಟುಕೊಂಡಿರಬೇಕು.

ಪೊಲೀಸ್ ಕ್ಲಿಯರೆನ್ಸ್, ಎಲ್ಲರೂ ಪಿಸಿಸಿ ಎನ್ನುವುದು, ಎರಡು ಕಡೆ ಸಿಗುತ್ತದೆ: ರಾಜ್ಯ ಪೊಲೀಸರಿಂದ ಮತ್ತು ಪಾಸ್‌ಪೋರ್ಟ್ ಕಚೇರಿಯಿಂದ. ವೀಸಾಕ್ಕೆ ಸಾಮಾನ್ಯವಾಗಿ ಬೇಕಾಗುವುದು ಎರಡನೆಯದು. ಶುಲ್ಕ 500 ರೂಪಾಯಿ. ಅರ್ಜಿ ಆನ್‌ಲೈನಿನಲ್ಲಿ ಹಾಕಿದರೂ ವಿಚಾರಣೆಗೆ ಬರುವುದು ಮೇಲುಕೋಟೆ, ಅರಕೆರೆ, ಬಿಂಡಿಗನವಿಲೆ, ಕಿಕ್ಕೇರಿ ಹೀಗೆ ನಿಮ್ಮ ವ್ಯಾಪ್ತಿಯ ಠಾಣೆಯವರೇ. ಮೈಸೂರಿನಲ್ಲಿ ಪಿ.ಜಿ.ಯಲ್ಲಿದ್ದು ಹಳ್ಳಿಯ ವಿಳಾಸ ಕೊಟ್ಟವರು ಠಾಣೆಯಿಂದ ಫೋನ್ ಬಂದ ದಿನ ಬಸ್ ಹತ್ತಲು ಸಿದ್ಧರಿರಲಿ. ಬಹಳ ದೇಶಗಳು ಪಿಸಿಸಿ ಆರು ತಿಂಗಳಿಗಿಂತ ಹಳೆಯದಾಗಿರಬಾರದು ಎನ್ನುತ್ತವೆ. ಉಳಿದ ಕಾಗದಗಳನ್ನೆಲ್ಲ ಜೋಡಿಸಿಕೊಂಡು ಇದನ್ನು ಕೊನೆಗೆ ಮಾಡಿಸುವುದೇ ಜಾಣತನ.

ಪದವಿ ಪತ್ರದ ಪ್ರಯಾಣ

ವಿಶ್ವವಿದ್ಯಾನಿಲಯದ ಮುದ್ರೆ ಅಸಲಿ ಎಂದು ಹೊರದೇಶಕ್ಕೆ ಗೊತ್ತಾಗುವುದು ಹೇಗೆ? ಇದಕ್ಕೆ ಎರಡು ದಾರಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ‘ಅಪೊಸ್ಟಿಲ್’ ಎಂಬ ಒಂದೇ ಚೀಟಿ ಸಾಕು. ಭಾರತದಲ್ಲಿ ಇದು ಜಾರಿಯಾದದ್ದು 2005ರ ಜುಲೈ 14ರಿಂದ. ಜಪಾನ್, ಕೊರಿಯಾ, ಒಮಾನ್, ಬಹರೇನ್ ಈ ಗುಂಪಿನಲ್ಲಿವೆ. ಸೌದಿ ಅರೇಬಿಯಾ ಕೂಡ 2022ರ ಡಿಸೆಂಬರಿನಲ್ಲಿ ಸೇರಿದ್ದರಿಂದ ಅಲ್ಲಿಗೆ ಹೋಗುವವರ ಅಲೆದಾಟ ಎಷ್ಟೋ ತಗ್ಗಿದೆ. ಯುಎಇಯಂಥ ದೇಶಗಳಿಗೆ ಹಳೆಯ ಸರಪಳಿಯೇ ಗತಿ: ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಅದರ ಮೇಲೆ ಆ ದೇಶದ ರಾಯಭಾರ ಕಚೇರಿ, ಕೊನೆಗೆ ಆ ದೇಶದೊಳಗೆ ಅವರ ವಿದೇಶಾಂಗ ಇಲಾಖೆ. ನಡುವಿನ ಒಂದು ಕೊಂಡಿ ತಪ್ಪಿದರೂ ಮುಂದಿನವರು ಕೈಯಲ್ಲಿ ಮುಟ್ಟುವುದಿಲ್ಲ.

ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ. ಕಾಗದ ಪಡೆದು ಒಪ್ಪಿಸುವುದು ಸಚಿವಾಲಯ ನೇಮಿಸಿದ ಏಜೆನ್ಸಿಗಳಾದ್ದರಿಂದ ಅವರ ಸೇವಾ ಶುಲ್ಕ ಮೇಲೆ ಬೀಳುತ್ತದೆ. ಸಾವಿರಾರು ರೂಪಾಯಿ ಕೇಳುವವರು ಆ 50ರ ಮೇಲೆ ತಮ್ಮ ಓಡಾಟವನ್ನು ಮಾರುತ್ತಿದ್ದಾರೆ ಎಂದು ತಿಳಿದು ಚೌಕಾಸಿ ಮಾಡಿ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು ಒಂದು ಮಾತು ಗಮನಿಸಬೇಕು. ಕಾಲೇಜು ಮುಗಿದೊಡನೆ ಸಿಗುವ ತಾತ್ಕಾಲಿಕ ಪದವಿ ಪ್ರಮಾಣಪತ್ರ ಬೇರೆ, ಘಟಿಕೋತ್ಸವದ ಪದವಿ ಪತ್ರ ಬೇರೆ. ವೀಸಾಕ್ಕೆ ಬೇಕಾದದ್ದು ಘಟಿಕೋತ್ಸವದ್ದು. ಎಷ್ಟೋ ಜನ ಅದಕ್ಕೆ ಶುಲ್ಕ ಕಟ್ಟದೆ ವರ್ಷಗಟ್ಟಲೆ ಸುಮ್ಮನಿದ್ದು, ಕೆಲಸದ ಪತ್ರ ಬಂದ ವಾರ ವಿಶ್ವವಿದ್ಯಾನಿಲಯದ ಕಚೇರಿಯಿರುವ ಕ್ರಾಫರ್ಡ್ ಭವನದ ಮೆಟ್ಟಿಲು ಹತ್ತುತ್ತಾರೆ. ಪದವಿ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದವರ ಕಷ್ಟ ಇನ್ನೊಂದು ಬಗೆ: ಪ್ಲಾಸ್ಟಿಕ್ ಮೇಲೆ ಮೊಹರು ಕೂರುವುದಿಲ್ಲ. ನಮ್ಮ ಊರುಗಳಲ್ಲಿ ಅಂಕಪಟ್ಟಿ ಸಿಕ್ಕ ಕೂಡಲೇ ಜೆರಾಕ್ಸ್ ಅಂಗಡಿಗೆ ಓಡುವ ಅಭ್ಯಾಸ ಇನ್ನೂ ಹೋಗಿಲ್ಲ.

ಟೆಫ್ಲ್, ಸೆಲ್ಟಾ, ಬಿ.ಇಡಿ.

ಇಂಗ್ಲಿಷ್ ಬೋಧನೆಯ ಪ್ರಮಾಣಪತ್ರಗಳಲ್ಲಿ ಕೇಂಬ್ರಿಜ್‌ನ ಸೆಲ್ಟಾಗೆ ತೂಕವಿದೆ. ಸುಮಾರು 120 ಗಂಟೆಯ ಕಲಿಕೆ, ಅದರಲ್ಲೇ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ, ಪರೀಕ್ಷಕರ ಕಣ್ಣೆದುರು. ಆನ್‌ಲೈನಿನಲ್ಲಿ ಮಾರುವ ‘120 ಗಂಟೆಯ ಟೆಫ್ಲ್’ ಎನ್ನುವುದಕ್ಕೆ ಅಂಥ ಒಬ್ಬ ಯಜಮಾನನಿಲ್ಲ, ಯಾರು ಬೇಕಾದರೂ ಕೊಡಬಹುದು. ಕೆಲವು ದೇಶಗಳಿಗೆ ಅದೂ ಸಾಕು. ಆದರೆ ಬಿ.ಇಡಿ. ಇರುವವರು ಅದಕ್ಕೆ ದುಡ್ಡು ಸುರಿಯುವ ಮೊದಲು ಬಿ.ಇಡಿ.ಯನ್ನೇ ಒಪ್ಪುತ್ತಾರೆಯೇ ಎಂದು ಶಾಲೆಯವರನ್ನು ಕೇಳಲಿ. ಐಇಎಲ್‌ಟಿಎಸ್ ಅಂಕಕ್ಕೆ ಎರಡು ವರ್ಷದ ಆಯುಸ್ಸು, ಕೆಲಸ ಹುಡುಕುವ ಮೊದಲೇ ಬರೆದಿಟ್ಟರೆ ಹಳಸಿಹೋಗುತ್ತದೆ.

ಅಮೆರಿಕದ ಜೆ-1 ಶಿಕ್ಷಕ ವಿನಿಮಯ ವೀಸಾಕ್ಕೆ ಪದವಿಯ ಜೊತೆಗೆ ಎರಡು ವರ್ಷ ಪೂರ್ಣಾವಧಿ ಬೋಧನೆಯ ಅನುಭವ ತೋರಿಸಬೇಕು. ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಕಲಿಸಿದ ತರಗತಿ, ವಿಷಯ ನಾಲ್ಕೂ ಇರಬೇಕು. ‘ಇವರ ನಡತೆ ಉತ್ತಮ’ ಎಂಬ ಒಂದು ಸಾಲಿನ ಪತ್ರ ನಮ್ಮ ಶಾಲೆಗಳ ರೂಢಿ, ವೀಸಾಕ್ಕೆ ಅದು ಉಪಯೋಗಕ್ಕೆ ಬಾರದು.

ಏಜೆಂಟರು

ಹೊರದೇಶದ ಕೆಲಸಕ್ಕೆ ಜನ ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ತಾಣದಲ್ಲಿ ಹುಡುಕಿದರೆ ತಿಳಿಯುತ್ತದೆ. ‘ಈಗ ವಿಸಿಟ್ ವೀಸಾದಲ್ಲಿ ಹೊರಡಿ, ಅಲ್ಲಿಗೆ ಹೋದ ಮೇಲೆ ಬದಲಾಯಿಸೋಣ’ ಎಂಬುದು ಏಜೆಂಟರ ಹಳೆಯ ಮಂತ್ರ. ಪ್ರವಾಸಿ ವೀಸಾದಲ್ಲಿ ಪಾಠ ಮಾಡಿ ಸಿಕ್ಕಿಬಿದ್ದರೆ ದಂಡ, ಗಡೀಪಾರು ಬರುವುದು ಶಿಕ್ಷಕರ ಪಾಲಿಗೆ. ಏಜೆಂಟ್ ಫೋನ್ ನಂಬರ್ ಬದಲಾಯಿಸಿರುತ್ತಾನೆ.

ಹೆಂಡತಿ, ಗಂಡ, ಮಕ್ಕಳ ಕಾಗದ

ಕುಟುಂಬವನ್ನೂ ಕರೆದೊಯ್ಯುವವರಿಗೆ ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಎರಡಕ್ಕೂ ಅಪೊಸ್ಟಿಲ್ ಅಥವಾ ದೃಢೀಕರಣ ಬೇಕು. ಲಗ್ನಪತ್ರಿಕೆ, ಛತ್ರದ ರಸೀದಿ ನಡೆಯುವುದಿಲ್ಲ. ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಮಗುವಿನ ಜನನ ಒಂದು ವರ್ಷದೊಳಗೆ ನೋಂದಣಿಯಾಗಿಲ್ಲದಿದ್ದರೆ, 2023ರ ತಿದ್ದುಪಡಿಯ ಪ್ರಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ದಂಡಾಧಿಕಾರಿಯ ಆದೇಶ ಬೇಕು. ಈ ನಾಲ್ಕು ತಾಲ್ಲೂಕಿನ ಉಪವಿಭಾಗಾಧಿಕಾರಿ ಕೂರುವುದು ಪಾಂಡವಪುರದಲ್ಲಿ. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿಗೂ ಜನ್ಮದಿನದ ಪುರಾವೆಯಾಗಿ ಜನನ ಪ್ರಮಾಣಪತ್ರ ಬಿಟ್ಟು ಬೇರೇನೂ ನಡೆಯದು.

ನಾಮಕರಣಕ್ಕೆ ಮುಂಚೆ ನೋಂದಣಿಯಾದ ಪತ್ರಗಳಲ್ಲಿ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ. ಹದಿನೈದು ವರ್ಷದವರೆಗೂ ಅಲ್ಲಿ ಹೆಸರು ಸೇರಿಸಬಹುದು. ಸೇರಿಸಲು ಹೋದ ದಿನ ಇನಿಷಿಯಲ್ ಬಿಡಿಸಿಯೇ ಬರೆಸಿಕೊಂಡು ಬನ್ನಿ.